ಬಿಲ್ಲಿನ ಪುಟದಲ್ಲಿ ಐಟಂ ಮಾಯ, ಬಾಕಿ ಮೈನಸ್: ಒಂದಕ್ಕೊಂದು ಜೋಡಿಸಿದ ಟೇಬಲ್‌ಗಳ ದೋಷ ಪತ್ತೆ

ಗ್ರಾಹಕ, ಬಿಲ್, ಬಿಲ್ಲಿನ ಐಟಂ, ಸಾಮಾನು, ಪಾವತಿ. ಸಗಟು ಕಿರಾಣಿ ವ್ಯಾಪಾರದ ಬಿಲ್ಲಿಂಗ್ ಆ್ಯಪ್ ಯಾವುದೇ ಇರಲಿ, ಡೇಟಾಬೇಸ್ ತೆರೆದರೆ ಹೆಚ್ಚುಕಡಿಮೆ ಈ ಐದು ಟೇಬಲ್ ಸಿಗುತ್ತವೆ. ಒಂದೊಂದನ್ನೇ ತೋರಿಸುವಾಗ ತಕರಾರಿಲ್ಲ. ಐದನ್ನೂ ಹೆಣೆದು ಒಂದೇ ಪುಟದಲ್ಲಿ ತೋರಿಸಲು ಹೊರಟಾಗ ಶುರುವಾಗುತ್ತದೆ: ಒಂದು ಐಟಂ ಕಾಣುವುದಿಲ್ಲ, ಇನ್ನೊಂದು ಎರಡು ಸಲ ಕಾಣುತ್ತದೆ, ದುಡ್ಡು ಬರಬೇಕಾದ ಕಡೆ ಬಾಕಿ ಮೈನಸ್ ತೋರಿಸುತ್ತದೆ, ಲಿಂಕ್ ಒತ್ತಿದರೆ ಬೇರೆಯವರ ಬಿಲ್ ತೆರೆದುಕೊಳ್ಳುತ್ತದೆ.

ಇಲ್ಲಿ ಮೈಎಸ್‌ಕ್ಯೂಎಲ್ 8 ಡೇಟಾಬೇಸ್, ಪಿಎಚ್‌ಪಿ ಭಾಷೆ ಮತ್ತು ಅದರ ಫ್ರೇಮ್‌ವರ್ಕ್ (ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು) ಲಾರಾವೆಲ್ ಇಟ್ಟುಕೊಂಡು ಬರೆದಿದೆ. ಪೈಥಾನ್ ಫ್ರೇಮ್‌ವರ್ಕ್ ಜಾಂಗೋ, ಇನ್ನೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ನಡವಳಿಕೆ ಬೇರೆ ಇರುವ ಕಡೆ ಅದನ್ನೂ ಹೇಳಿದೆ. ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಪದಗಳು ಓದಲು ಸಲೀಸಾಗಲೆಂದು ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷಿನಲ್ಲೇ.

ಮೊದಲು ಒಂದೇ ಒಂದು ಬಿಲ್ ಹಿಡಿಯಿರಿ

"ಕೆಲವು ಬಿಲ್‌ಗಳಲ್ಲಿ ಐಟಂ ಬರ್ತಿಲ್ಲ" ಅನ್ನುವ ದೂರಿನ ಮೇಲೆ ಕೆಲಸ ಶುರು ಮಾಡಬೇಡಿ. ತಪ್ಪು ತೋರಿಸುತ್ತಿರುವ ಒಂದು ಬಿಲ್ಲಿನ ನಂಬರ್ ಕೇಳಿ ಪಡೆಯಿರಿ, ಸಾಧ್ಯವಾದರೆ ಕಾಗದದ ಪ್ರತಿಯ ಸಮೇತ. ಇಲ್ಲಿ ಅದನ್ನು 1042 ಅಂದುಕೊಳ್ಳೋಣ. ಆ ಬಿಲ್ಲಿಗೆ ಮೂರು ಕಡೆ ಸಾಲು ಎಣಿಸಬೇಕು.

ಒಂದನೆಯದು ಮೂಲ ಟೇಬಲಿನಲ್ಲಿ: ಸೆಲೆಕ್ಟ್ ಕೌಂಟ್(*) ಫ್ರಮ್ ಬಿಲ್_ಐಟಂ ವೇರ್ ಬಿಲ್_ಐಡಿ = 1042. ಎರಡನೆಯದು ಪುಟ ನಿಜವಾಗಿ ಓಡಿಸುವ ಜಾಯಿನ್ (ಟೇಬಲ್‌ಗಳನ್ನು ಜೋಡಿಸುವ) ಕ್ವೆರಿಯಲ್ಲಿ, ಅದೇ ಬಿಲ್ಲಿಗೆ. ಮೂರನೆಯದು ಬ್ರೌಸರಿನಲ್ಲಿ, ಕಣ್ಣಾರೆ. ಮೂರು, ಮೂರು, ಎರಡು ಬಂದರೆ ತಪ್ಪು ಟೆಂಪ್ಲೇಟಿನಲ್ಲೋ (ಪುಟದ ಅಚ್ಚಿನಲ್ಲೋ) ಅದಕ್ಕೆ ಡೇಟಾ ಕೊಡುವ ಪಿಎಚ್‌ಪಿ ಕೋಡಿನಲ್ಲೋ ಇದೆ. ಮೂರು, ಎರಡು, ಎರಡು ಬಂದರೆ ಜಾಯಿನ್‌ನಲ್ಲಿ. ಮೂರು, ಆರು, ಆರು ಬಂದರೂ ಜಾಯಿನ್‌ನಲ್ಲೇ, ಆದರೆ ಕಾಯಿಲೆ ಬೇರೆ. ಮೂಲ ಟೇಬಲಿನಲ್ಲೇ ಎರಡಿದ್ದರೆ ತೋರಿಸುವ ಪುಟದ ತಪ್ಪಲ್ಲ, ಸೇವ್ ಮಾಡುವ ಫಾರ್ಮ್ ನೋಡಿ.

ಎರಡನೆಯ ಎಣಿಕೆಗೆ ಕ್ವೆರಿಯನ್ನು ನೆನಪಿನಿಂದ ಬರೆಯಬಾರದು. ನೀವು ಬರೆದಿದ್ದೀರಿ ಅಂದುಕೊಂಡ ಕ್ವೆರಿಗೂ ಫ್ರೇಮ್‌ವರ್ಕ್ ಕಳಿಸುವ ಕ್ವೆರಿಗೂ ವ್ಯತ್ಯಾಸ ಇರುತ್ತದೆ. ಮೆತ್ತಗೆ ಸೇರಿಕೊಂಡ ಒಂದು ಫಿಲ್ಟರ್ ಸಾಕು. ಲಾರಾವೆಲ್‌ನಲ್ಲಿ ಡಿಬಿ ಲಿಸನ್ ಹಾಕಿ ಲಾಗಿಗೆ ಬರೆಸಿ, ಇಲ್ಲವೇ ಡೀಬಗ್‌ಬಾರ್ ಕೂರಿಸಿ. ಜಾಂಗೋದಲ್ಲಿ ಕ್ವೆರಿಸೆಟ್‌ನ ಕ್ವೆರಿ ಗುಣವನ್ನು ಪ್ರಿಂಟ್ ಮಾಡಿ ನೋಡಬಹುದು. ಬಂದ ಕ್ವೆರಿಯನ್ನು ಎತ್ತಿ, ಮೌಲ್ಯಗಳ ಜಾಗ ಮಾತ್ರ ತುಂಬಿ, ಬೇರೇನೂ ಬದಲಿಸದೆ ಡೇಟಾಬೇಸ್ ಕ್ಲೈಂಟಿನಲ್ಲಿ ಓಡಿಸಿ. ಈ ಮೂರು ಸಂಖ್ಯೆ ಕೈಗೆ ಬರುವವರೆಗೆ ಟೆಂಪ್ಲೇಟ್ ಮುಟ್ಟಬೇಡಿ.

ಸಾಲು ಮಾಯವಾಗುವುದು

ಟೇಬಲಿನಲ್ಲಿ ಮೂರು, ಜಾಯಿನ್‌ನಲ್ಲಿ ಎರಡು. ಮೊದಲ ಅನುಮಾನ ಇನ್ನರ್ ಜಾಯಿನ್ ಮೇಲೆ, ಅಂದರೆ ಎರಡೂ ಟೇಬಲಿನಲ್ಲಿ ಜೋಡಿ ಸಿಕ್ಕ ಸಾಲನ್ನು ಮಾತ್ರ ಕೊಡುವ ಜಾಯಿನ್ ಮೇಲೆ. ಬಿಲ್ ಐಟಂ ಟೇಬಲನ್ನು ಸಾಮಾನಿನ ಟೇಬಲಿಗೆ ಇನ್ನರ್ ಜಾಯಿನ್ ಮಾಡಿದ್ದರೆ, ಸಾಮಾನಿನ ಪಟ್ಟಿಯಿಂದ ಯಾರೋ "ಬೆಲ್ಲ ಅಚ್ಚು" ಅಳಿಸಿದ ದಿನ ಹಳೆಯ ಬಿಲ್‌ಗಳಿಂದ ಬೆಲ್ಲದ ಸಾಲು ಹಾರಿಹೋಗುತ್ತದೆ. ಬಿಲ್ಲಿನ ಒಟ್ಟು ಮೊತ್ತ ಬೇರೆ ಕಾಲಂನಲ್ಲಿ ಉಳಿದಿರುವುದರಿಂದ ಅದು ಹಾಗೇ ಇರುತ್ತದೆ. ಪಟ್ಟಿ ಕೂಡಿಸಿದರೆ ಮೊತ್ತಕ್ಕೆ ತಾಳೆಯಾಗುವುದಿಲ್ಲ ಅನ್ನುವ ದೂರು ಹುಟ್ಟುವುದು ಬಹುಪಾಲು ಹೀಗೆ.

ಪರೀಕ್ಷೆ ಸುಲಭ. ಐಟಂ ಟೇಬಲಿನಿಂದ ಸಾಮಾನಿಗೆ ಲೆಫ್ಟ್ ಜಾಯಿನ್ (ಜೋಡಿ ಸಿಗದಿದ್ದರೂ ಎಡ ಟೇಬಲಿನ ಸಾಲು ಉಳಿಸುವುದು) ಮಾಡಿ, ವೇರ್ ಸಾಮಾನು.ಐಡಿ ಈಸ್ ನಲ್ (ಮೌಲ್ಯವೇ ಇಲ್ಲ) ಅನ್ನಿ. ಬರುವ ಸಾಲುಗಳೆಲ್ಲ ತಬ್ಬಲಿಗಳು. ಫಾರಿನ್ ಕೀ (ಇನ್ನೊಂದು ಟೇಬಲಿನಲ್ಲಿ ಇರುವ ಐಡಿಯೇ ಇಲ್ಲಿ ಬರಬೇಕು ಎಂಬ ಕಟ್ಟು) ಹಾಕಿದ್ದರೆ ಇವು ಹುಟ್ಟಲೇಬಾರದಲ್ಲ ಅಂದರೆ, ಎರಡು ದಾರಿ ಇವೆ. ಹಳೆಯ ಟೇಬಲ್ ಮೈಐಸ್ಯಾಮ್ ಎಂಬ ಹಳೆಯ ಸಂಗ್ರಹ ಎಂಜಿನ್‌ನಲ್ಲಿ ಇರಬಹುದು. ಅದು ಫಾರಿನ್ ಕೀಯನ್ನು ಓದುತ್ತದೆ, ಪಾಲಿಸುವುದಿಲ್ಲ, ಎರರ್ ಕೂಡ ಕೊಡುವುದಿಲ್ಲ. ಇಲ್ಲವೇ ಯಾರೋ ಬ್ಯಾಕಪ್ ಹಾಕುವಾಗ ಫಾರಿನ್ ಕೀ ಚೆಕ್ಸ್ ಅನ್ನು ಸೊನ್ನೆ ಮಾಡಿ, ಆಮೇಲೆ ಒಂದು ಮಾಡಿದ್ದಾರೆ. ಮತ್ತೆ ಒಂದು ಮಾಡಿದಾಗ ಮೈಎಸ್‌ಕ್ಯೂಎಲ್ ಅಷ್ಟರಲ್ಲಿ ಒಳಗೆ ಬಂದ ಸಾಲುಗಳನ್ನು ತಿರುಗಿ ಪರೀಕ್ಷಿಸುವುದಿಲ್ಲ. ಕೀ ಇದೆ, ತಬ್ಬಲಿಗಳೂ ಇವೆ.

ಇನ್ನರ್ ಜಾಯಿನ್ ಅನ್ನು ಲೆಫ್ಟ್ ಜಾಯಿನ್ ಮಾಡಿದರೆ ಸಾಲು ವಾಪಸ್ ಬರುತ್ತದೆ, ಹೆಸರಿನ ಜಾಗ ಖಾಲಿ ಇರುತ್ತದೆ. ಇದು ಅರ್ಧ ಪರಿಹಾರ ಮಾತ್ರ. ಬಿಲ್ಲಿನ ಐಟಂ ಸಾಲಿನಲ್ಲೇ ಆ ದಿನದ ಹೆಸರು, ದರ, ತೆರಿಗೆಯ ಪ್ರಮಾಣ ಮೂರನ್ನೂ ಬರೆದಿಡಬೇಕು. ದರವನ್ನು ಸಾಮಾನಿನ ಟೇಬಲಿನಿಂದ ಜಾಯಿನ್ ಮಾಡಿ ತೋರಿಸುವ ಆ್ಯಪ್‌ಗಳಲ್ಲಿ ಇಂದು ತೊಗರಿಬೇಳೆಯ ದರ ತಿದ್ದಿದರೆ ಹೋದ ವರ್ಷದ ಬಿಲ್ ಕೂಡ ಬದಲಾಗುತ್ತದೆ. ಟೇಬಲ್ ವಿನ್ಯಾಸದ ಪಾಠದಲ್ಲಿ ಒಂದೇ ಮಾಹಿತಿ ಎರಡು ಕಡೆ ಇರಬಾರದು ಅಂತ ಕಲಿಸಿರುತ್ತಾರೆ, ನಿಜ. ಆದರೆ ಇಂದಿನ ದರ ಬೇರೆ ಮಾಹಿತಿ, ಮಾರಿದ ದಿನದ ದರ ಬೇರೆ ಮಾಹಿತಿ.

ಲೆಫ್ಟ್ ಜಾಯಿನ್ ಹಾಕಿದ ಮೇಲೂ ಸಾಲು ಮಾಯವಾದರೆ ವೇರ್ ಭಾಗ ನೋಡಿ. ಎಲ್ಲ ಗ್ರಾಹಕರನ್ನೂ ಈ ತಿಂಗಳ ಬಿಲ್‌ಗಳ ಸಮೇತ ತೋರಿಸುವ ಪುಟ ಅಂದುಕೊಳ್ಳಿ. ಗ್ರಾಹಕದಿಂದ ಬಿಲ್ಲಿಗೆ ಲೆಫ್ಟ್ ಜಾಯಿನ್ ಇದೆ, ಕೊನೆಗೆ ವೇರ್ ಬಿಲ್.ದಿನಾಂಕ ದೊಡ್ಡದು ಅಥವಾ ಸಮ ತಿಂಗಳ ಮೊದಲ ದಿನ ಅಂತಿದೆ. ಈ ತಿಂಗಳು ಏನೂ ಕೊಳ್ಳದ ಗ್ರಾಹಕರಲ್ಲಿ ಬಿಲ್ಲೇ ಇಲ್ಲದವರಿಗೆ ಬಿಲ್.ದಿನಾಂಕ ನಲ್ ಆಗಿರುತ್ತದೆ, ಉಳಿದವರಿಗೆ ಹಳೆಯ ದಿನಾಂಕ ಇರುತ್ತದೆ. ನಲ್ ಅನ್ನು ಯಾವುದರ ಜೊತೆ ಹೋಲಿಸಿದರೂ ಉತ್ತರ ಸರಿ ಎಂದು ಬರುವುದಿಲ್ಲ, ಹಳೆಯ ದಿನಾಂಕವೂ ಷರತ್ತು ದಾಟುವುದಿಲ್ಲ, ಹಾಗಾಗಿ ಅವರೆಲ್ಲ ಉದುರಿಹೋಗುತ್ತಾರೆ. ಹೆಸರಿಗಷ್ಟೇ ಲೆಫ್ಟ್, ಕೆಲಸ ಇನ್ನರ್‌ದು. ದಿನಾಂಕದ ಷರತ್ತನ್ನು ವೇರ್‌ನಿಂದ ತೆಗೆದು ಆನ್ ಭಾಗಕ್ಕೆ ಆ್ಯಂಡ್ ಹಾಕಿ ಸೇರಿಸಿ. ಬಲಗಡೆಯ ಟೇಬಲಿನ ಮೇಲಿನ ಷರತ್ತುಗಳಲ್ಲಿ ವೇರ್‌ನಲ್ಲಿ ಉಳಿಯಬೇಕಾದದ್ದು, ಆಗಲೇ ನೋಡಿದಂತೆ, ಈಸ್ ನಲ್ ಎಂದು ತಬ್ಬಲಿ ಹುಡುಕುವಂಥದ್ದು ಮಾತ್ರ.

ಇದರ ತಮ್ಮನಂತಿರುವ ಇನ್ನೊಂದು ದೋಷ: "ಇದುವರೆಗೆ ಬಿಲ್ ಮಾಡಿಸದ ಗ್ರಾಹಕರು" ಪುಟ ಪೂರ್ತಿ ಖಾಲಿ ಬರುವುದು. ನಾಟ್ ಇನ್ ಒಳಗಿನ ಉಪಕ್ವೆರಿಯಲ್ಲಿ ಗ್ರಾಹಕ_ಐಡಿ ಒಂದಾದರೂ ನಲ್ ಇದ್ದರೆ (ಕೌಂಟರ್ ಮಾರಾಟದ ಬಿಲ್‌ಗಳಿಗೆ ಗ್ರಾಹಕನ ಹೆಸರೇ ಇರುವುದಿಲ್ಲವಲ್ಲ) ಒಂದು ಸಾಲೂ ಬರುವುದಿಲ್ಲ. ನಾಟ್ ಎಕ್ಸಿಸ್ಟ್ಸ್ ಬಳಸಿ.

ಲಾರಾವೆಲ್‌ನಲ್ಲಿ ಸಾಫ್ಟ್ ಡಿಲೀಟ್ (ಸಾಲನ್ನು ಅಳಿಸದೆ, ಅಳಿಸಿದ ಗುರುತು ಮಾತ್ರ ಹಾಕುವುದು) ಇದ್ದರೆ ಅದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ. ಗ್ರಾಹಕನ ಸಾಲು ಟೇಬಲಿನಲ್ಲಿದೆ, ಡಿಲೀಟೆಡ್ ಆ್ಯಟ್ ತುಂಬಿದೆ, ಹಾಗಾಗಿ ಬಿಲ್ಲಿನಿಂದ ಗ್ರಾಹಕನನ್ನು ಕೇಳಿದರೆ ನಲ್ ಬರುತ್ತದೆ. ಪಿಎಚ್‌ಪಿ 8ರಲ್ಲಿ ನಲ್ ಮೇಲೆ ಗುಣ ಓದಲು ಹೋದಿರಿ ಎಂಬ ಎಚ್ಚರಿಕೆ ಹೊರಬಿದ್ದು ಲಾರಾವೆಲ್ ಪುಟವನ್ನೇ ನಿಲ್ಲಿಸುತ್ತದೆ. ಬಿಲ್ ಮಾಡೆಲ್‌ನಲ್ಲಿ (ಬಿಲ್ ಟೇಬಲಿಗೆ ಬರೆದ ಪಿಎಚ್‌ಪಿ ಕ್ಲಾಸಿನಲ್ಲಿ) ಗ್ರಾಹಕ ಸಂಬಂಧಕ್ಕೆ ವಿತ್‌ಟ್ರ್ಯಾಶ್ಡ್ ಸೇರಿಸಿ, ಅಳಿಸಿದ ಗುರುತಿನ ಸಾಲೂ ಬರುತ್ತದೆ. ಹಳೆಯ ಬಿಲ್ಲಿಗೆ ಹಳೆಯ ಗ್ರಾಹಕ ಬೇಕೇ ಬೇಕು.

ಮೊತ್ತ ದುಪ್ಪಟ್ಟು, ಬಾಕಿ ಮೈನಸ್

ಈ ದೋಷಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಇದು ಪರೀಕ್ಷೆಯಲ್ಲಿ ಸಿಗದೆ ನೇರ ಗ್ರಾಹಕರ ಎದುರಿಗೆ ಹೋಗಿ ನಿಲ್ಲುತ್ತದೆ. 1042ರಲ್ಲಿ ಮೂರು ಐಟಂ: ಅಕ್ಕಿ 1,400, ತೊಗರಿಬೇಳೆ 1,600, ಬೆಲ್ಲ 600. ಒಟ್ಟು 3,600 ರೂಪಾಯಿ. ಗ್ರಾಹಕ ಎರಡು ಕಂತಿನಲ್ಲಿ ಕೊಟ್ಟದ್ದು 2,000 ಮತ್ತು 1,000. ಬಾಕಿ 600 ಬರಬೇಕು. ಪುಟ ತೋರಿಸುವುದು ಮೈನಸ್ 1,800.

ಬಿಲ್ಲನ್ನು ಐಟಂಗೂ ಪಾವತಿಗೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿ, ಸಮ್ ಮತ್ತು ಗ್ರೂಪ್ ಬೈ ತೆಗೆದು, ಬರೀ ಸಾಲುಗಳನ್ನು ನೋಡಿ:

ಅಕ್ಕಿ 1,400 | ಪಾವತಿ 2,000
ಅಕ್ಕಿ 1,400 | ಪಾವತಿ 1,000
ತೊಗರಿಬೇಳೆ 1,600 | ಪಾವತಿ 2,000
ತೊಗರಿಬೇಳೆ 1,600 | ಪಾವತಿ 1,000
ಬೆಲ್ಲ 600 | ಪಾವತಿ 2,000
ಬೆಲ್ಲ 600 | ಪಾವತಿ 1,000

ಐಟಂಗೂ ಪಾವತಿಗೂ ನೇರ ಸಂಬಂಧವಿಲ್ಲ, ಎರಡೂ ಬಿಲ್ಲಿನ ಮಕ್ಕಳು. ಡೇಟಾಬೇಸ್ ಪ್ರತಿ ಐಟಂಗೆ ಪ್ರತಿ ಪಾವತಿಯನ್ನೂ ಜೋಡಿಸಿದೆ. ಮೂರು ಎರಡ್ಲ ಆರು. ಕೂಡಿಸಿದರೆ ಐಟಂ 7,200, ಪಾವತಿ 9,000, ಬಾಕಿ ಮೈನಸ್ 1,800.

ಪುಟ ನೋಡಿಯೇ ಇದನ್ನು ಗುರುತಿಸಬಹುದು. ತಪ್ಪು ಮೊತ್ತವನ್ನು ಸರಿಯಾದ ಮೊತ್ತದಿಂದ ಭಾಗಿಸಿ. 7,200ನ್ನು 3,600ರಿಂದ ಭಾಗಿಸಿದರೆ 2, ಅದು ಪಾವತಿಗಳ ಸಂಖ್ಯೆ. 9,000ವನ್ನು 3,000ದಿಂದ ಭಾಗಿಸಿದರೆ 3, ಅದು ಐಟಂಗಳ ಸಂಖ್ಯೆ. ಹೀಗೆ ಪೂರ್ಣಾಂಕ ಬಂದು ಅದು ಇನ್ನೊಂದು ಟೇಬಲಿನ ಎಣಿಕೆಗೆ ಹೊಂದಿದರೆ ಬೇರೆ ಸಾಕ್ಷಿ ಬೇಡ. ಒಂದೇ ಕಂತಿನಲ್ಲಿ ಪೂರ್ತಿ ಪಾವತಿಯಾದ ಒಂದೇ ಐಟಂ ಬಿಲ್‌ಗಳಲ್ಲಿ ಲೆಕ್ಕ ಸರಿಯಾಗಿಯೇ ಬರುತ್ತದೆ. ಡೆವಲಪರ್ ಪರೀಕ್ಷೆಗೆ ಹಾಕಿಕೊಳ್ಳುವುದು ಅಂಥ ಬಿಲ್ಲನ್ನೇ.

ಇಲ್ಲಿ ಕೈ ಹೋಗುವುದು ಡಿಸ್ಟಿಂಕ್ಟ್ ಕಡೆಗೆ. ಸಮ್ ಒಳಗೆ ಡಿಸ್ಟಿಂಕ್ಟ್ ಹಾಕಿದರೆ 1042ಕ್ಕೆ ಉತ್ತರ ಸರಿಯಾಗಿಬಿಡುತ್ತದೆ, ಅದೇ ಅಪಾಯ. ಗ್ರಾಹಕ 1,500ರ ಎರಡು ಸಮ ಕಂತು ಕೊಟ್ಟಿದ್ದರೆ ಡಿಸ್ಟಿಂಕ್ಟ್ ಎರಡನ್ನೂ ಒಂದೇ ಎಂದು ಭಾವಿಸಿ 1,500 ಮಾತ್ರ ತೋರಿಸುತ್ತದೆ. ಕೌಂಟ್ ಒಳಗೆ ಐಡಿಯ ಮೇಲೆ ಡಿಸ್ಟಿಂಕ್ಟ್ ಹಾಕುವುದು ಸರಿ, ಏಕೆಂದರೆ ಐಡಿ ಎರಡು ಸಲ ಬರುವುದಿಲ್ಲ. ಮೊತ್ತದ ಮೇಲೆ ಎಂದೂ ಬೇಡ.

ಸರಿಯಾದ ದಾರಿ ಮೊದಲು ಕೂಡಿಸಿ ಆಮೇಲೆ ಜೋಡಿಸುವುದು. ಐಟಂ ಟೇಬಲನ್ನು ಬಿಲ್_ಐಡಿ ಮೇಲೆ ಗ್ರೂಪ್ ಮಾಡಿ ಒಂದು ಉಪಕ್ವೆರಿ, ಪಾವತಿಯನ್ನು ಹಾಗೆಯೇ ಇನ್ನೊಂದು. ಪ್ರತಿ ಉಪಕ್ವೆರಿಯಲ್ಲೂ ಒಂದು ಬಿಲ್ಲಿಗೆ ಒಂದೇ ಸಾಲು. ಈಗ ಎರಡನ್ನೂ ಬಿಲ್ಲಿಗೆ ಲೆಫ್ಟ್ ಜಾಯಿನ್ ಮಾಡಿದರೆ ಗುಣಾಕಾರ ಆಗಲು ಜಾಗವಿಲ್ಲ. ಪಾವತಿಯೇ ಆಗದ ಬಿಲ್ಲಿಗೆ ಪಾವತಿ ಮೊತ್ತ ನಲ್ ಬರುತ್ತದೆ. 3,600ರಿಂದ ನಲ್ ಕಳೆದರೆ ನಲ್, ಬಾಕಿಯ ಕಾಲಂ ಖಾಲಿ. ಪೂರ್ತಿ ಬಾಕಿ ಇರುವ ಬಿಲ್‌ಗಳೇ ಖಾಲಿ ಕಾಣುವುದು ಅಂಗಡಿಯವರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಎರಡೂ ಮೊತ್ತಕ್ಕೆ ಕೋಅಲೆಸ್ ಹಾಕಿ ಸೊನ್ನೆ ಮಾಡಿ.

ಲಾರಾವೆಲ್‌ನ ವಿತ್‌ಸಮ್ ಪ್ರತಿ ಸಂಬಂಧಕ್ಕೂ ಬೇರೆ ಉಪಕ್ವೆರಿ ಬರೆಯುವುದರಿಂದ ಎರಡು ಸಲ ಬಳಸಿದರೂ ಗುಣಾಕಾರವಾಗುವುದಿಲ್ಲ. ಸಾಲೇ ಇಲ್ಲದಿದ್ದರೆ ನಲ್ ಕೊಡುವುದನ್ನು ಮಾತ್ರ ನೀವೇ ಸಂಭಾಳಿಸಬೇಕು. ಜಾಂಗೋದಲ್ಲಿ ಒಂದೇ ಆ್ಯನೊಟೇಟ್‌ನಲ್ಲಿ ಎರಡು ಸಂಬಂಧಗಳ ಸಮ್ ಹಾಕಿದರೆ ಮೇಲಿನ ತಪ್ಪೇ ಬರುತ್ತದೆ. ಇದು ಜಾಂಗೋದ ದಾಖಲೆಯಲ್ಲೇ ಬರೆದಿರುವ ಮಿತಿ, ಮುಂದಿನ ಆವೃತ್ತಿಗೆ ಕಾದು ಕೂರಬೇಡಿ. ಸಬ್‌ಕ್ವೆರಿ ಮತ್ತು ಔಟರ್‌ರೆಫ್ ಬಳಸಿ ಬರೆಯಿರಿ.

ಲಿಂಕ್ ಒತ್ತಿದರೆ ಬೇರೆಯವರ ಬಿಲ್

ಪಟ್ಟಿಯಲ್ಲಿ ಹೆಸರು, ಮೊತ್ತ ಎಲ್ಲ ಸರಿ. "ನೋಡಿ" ಬಟನ್ ಒತ್ತಿದರೆ ಇನ್ಯಾರದೋ ಬಿಲ್. ಕ್ವೆರಿಯಲ್ಲಿ ಸೆಲೆಕ್ಟ್ ನಕ್ಷತ್ರ ಇದೆಯೇ ನೋಡಿ. ಬಿಲ್ಲಿಗೂ ಐಡಿ ಎಂಬ ಕಾಲಂ, ಗ್ರಾಹಕನಿಗೂ ಐಡಿ ಎಂಬ ಕಾಲಂ. ಪಿಡಿಒ (ಪಿಎಚ್‌ಪಿ ಡೇಟಾಬೇಸಿನ ಜೊತೆ ಮಾತಾಡುವ ದಾರಿ) ಸಾಲನ್ನು ಹೆಸರಿನ ಅರೇ ಆಗಿ ಕೊಡುವಾಗ ಒಂದೇ ಹೆಸರಿನ ಎರಡು ಕಾಲಂ ಇದ್ದರೆ ಕೊನೆಯದು ಮೊದಲಿನದನ್ನು ಅಳಿಸುತ್ತದೆ. ಬಿಲ್ಲಿನ ಐಡಿ ಜಾಗದಲ್ಲಿ ಗ್ರಾಹಕನ ಐಡಿ ಕೂತಿರುತ್ತದೆ. ಲೆಫ್ಟ್ ಜಾಯಿನ್ ಆಗಿ ಗ್ರಾಹಕ ಇಲ್ಲದಿದ್ದರೆ ಐಡಿಯೇ ನಲ್. ಲಾರಾವೆಲ್‌ನ ಮಾಡೆಲ್ ವ್ಯವಸ್ಥೆಯಾದ ಎಲೊಕ್ವೆಂಟ್‌ನಲ್ಲಿ ಕೈಯಾರೆ ಜಾಯಿನ್ ಹಾಕಿದರೂ ಹೀಗೇ ಆಗುತ್ತದೆ, ಅಲ್ಲಿ ಇನ್ನೂ ಕೇಡು: ಆ ಮಾಡೆಲ್ ಮೇಲೆ ಸೇವ್ ಕರೆದರೆ ತಪ್ಪು ಬಿಲ್ ತಿದ್ದಿಹೋಗುತ್ತದೆ. ಕ್ರಿಯೇಟೆಡ್ ಆ್ಯಟ್, ಹೆಸರು, ಸ್ಥಿತಿ ಎಂಬ ಕಾಲಂಗಳಿಗೂ ಇದೇ ಗತಿ. ಬೇಕಾದ ಕಾಲಂಗಳನ್ನು ಮಾತ್ರ ಹೆಸರಿಸಿ, ಎರಡನೆಯದಕ್ಕೆ ಆ್ಯಸ್ ಗ್ರಾಹಕ_ಹೆಸರು ಎಂದು ಬೇರೆ ಹೆಸರು ಕೊಡಿ.

ಪುಟ ನಿಧಾನ, ಸ್ಲೋ ಲಾಗ್ ಖಾಲಿ

ಪಟ್ಟಿಯಲ್ಲಿ 50 ಬಿಲ್. ಪ್ರತಿ ಸಾಲಿನಲ್ಲಿ ಗ್ರಾಹಕನ ಹೆಸರು, ಐಟಂಗಳು. ಟೆಂಪ್ಲೇಟಿನ ಲೂಪ್ ಒಳಗೆ ಬಿಲ್ಲಿನಿಂದ ಗ್ರಾಹಕ, ಬಿಲ್ಲಿನಿಂದ ಐಟಂ ಎಂದು ಬರೆದಾಗ ಫ್ರೇಮ್‌ವರ್ಕ್ ಪ್ರತಿ ಸಲ ಡೇಟಾಬೇಸಿಗೆ ಹೋಗಿಬರುತ್ತದೆ: ಪಟ್ಟಿಗೆ 1, ಗ್ರಾಹಕರಿಗೆ 50, ಐಟಂಗಳಿಗೆ 50, ಒಟ್ಟು 101 ಕ್ವೆರಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದಕ್ಕೆ 1 ಮಿಲಿಸೆಕೆಂಡ್ ಹಿಡಿದರೆ ಗೊತ್ತೇ ಆಗುವುದಿಲ್ಲ. ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದು ಹೋಗಿಬರಲು 20 ಮಿಲಿಸೆಕೆಂಡ್ ಆದರೆ ಎರಡು ಸೆಕೆಂಡ್ ಬರೀ ದಾರಿಖರ್ಚು.

ಇದನ್ನು ಸ್ಲೋ ಕ್ವೆರಿ ಲಾಗ್‌ನಲ್ಲಿ (ನಿಧಾನದ ಕ್ವೆರಿಗಳ ದಾಖಲೆಯಲ್ಲಿ) ಹುಡುಕಿ ಪ್ರಯೋಜನವಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಲಾಂಗ್ ಕ್ವೆರಿ ಟೈಮ್‌ನ ಮೂಲ ಮೌಲ್ಯ 10 ಸೆಕೆಂಡ್. ಇಲ್ಲಿ ಒಂದೊಂದು ಕ್ವೆರಿಯೂ ಚುರುಕಾಗಿಯೇ ಇದೆ. ನೋಡಬೇಕಾದ್ದು ಒಂದು ಪುಟಕ್ಕೆ ಎಷ್ಟು ಕ್ವೆರಿ ಎಂಬ ಎಣಿಕೆ. ಪಟ್ಟಿಯ ಉದ್ದವನ್ನು 10 ಮಾಡಿ ಎಣಿಸಿ, 50 ಮಾಡಿ ಎಣಿಸಿ. ಎಣಿಕೆಯೂ ಜೊತೆಯಲ್ಲೇ ಏರಿದರೆ ಇದೇ ದೋಷ. ಏರದೆ ಒಂದೇ ಕ್ವೆರಿ ಹೊತ್ತು ಹಿಡಿಯುತ್ತಿದ್ದರೆ ಎಕ್ಸ್‌ಪ್ಲೇನ್ ಹಾಕಿ ಇಂಡೆಕ್ಸ್ (ಸಾಲನ್ನು ಬೇಗ ಹುಡುಕಲು ಕಟ್ಟುವ ಸೂಚಿ) ನೋಡಿ. ಮೈಎಸ್‌ಕ್ಯೂಎಲ್ 8ರ ಮೂಲ ಎಂಜಿನ್ ಇನ್ನೊಡಿಬಿ ಫಾರಿನ್ ಕೀ ಹಾಕಿದ ಕಾಲಂಗೆ ಇಂಡೆಕ್ಸನ್ನು ತಾನೇ ಕಟ್ಟುತ್ತದೆ, ಪೋಸ್ಟ್‌ಗ್ರೆಸ್ ಕಟ್ಟುವುದಿಲ್ಲ. ಜಾಂಗೋ ಮಾಡೆಲ್‌ನ ಫಾರಿನ್‌ಕೀ ಅದನ್ನು ಕೇಳದೆಯೇ ಹಾಕುತ್ತದೆ, ಕೈಯಲ್ಲಿ ಬರೆದ ಪೋಸ್ಟ್‌ಗ್ರೆಸ್ ಟೇಬಲಿಗೆ ನೀವೇ ಹಾಕಬೇಕು.

ಲಾರಾವೆಲ್‌ನಲ್ಲಿ ಪಟ್ಟಿಯ ಕ್ವೆರಿಗೆ ವಿತ್ ಸೇರಿಸಿ ಗ್ರಾಹಕ, ಐಟಂ ಹೆಸರಿಸಿದರೆ 101 ಇಳಿದು 3 ಆಗುತ್ತದೆ. ಜಾಂಗೋದಲ್ಲಿ ಒಬ್ಬನೇ ಇರುವ ಗ್ರಾಹಕನಿಗೆ ಸೆಲೆಕ್ಟ್ ರಿಲೇಟೆಡ್, ಹಲವಿರುವ ಐಟಂಗಳಿಗೆ ಪ್ರಿಫೆಚ್ ರಿಲೇಟೆಡ್. ಇಷ್ಟು ಹಾಕಿದ ಮೇಲೂ ಎಣಿಕೆ ಇಳಿಯದಿದ್ದರೆ ಟೆಂಪ್ಲೇಟಿನಲ್ಲಿ ಆವರಣ ಚಿಹ್ನೆ ಹುಡುಕಿ. ಲಾರಾವೆಲ್‌ನಲ್ಲಿ ಐಟಂ ಸಂಬಂಧವನ್ನು ಗುಣವಾಗಿ ಓದಿದರೆ ಮೊದಲೇ ತಂದ ಸಾಲುಗಳು ಸಿಗುತ್ತವೆ. ಆವರಣ ಹಾಕಿ ಕರೆದು ಅದರ ಮೇಲೆ ಕೌಂಟ್ ಅಥವಾ ವೇರ್ ಅಂದರೆ ತಂದದ್ದನ್ನು ಬದಿಗಿಟ್ಟು ಹೊಸ ಕ್ವೆರಿ ಹೊರಡುತ್ತದೆ. ಜಾಂಗೋದಲ್ಲೂ ಆಲ್ ಅಂದರೆ ಪ್ರಿಫೆಚ್ ಮಾಡಿದ್ದು ಸಿಗುತ್ತದೆ, ಫಿಲ್ಟರ್ ಅಂದ ಕೂಡಲೇ ಹೊಸ ಕ್ವೆರಿ. ಷರತ್ತು ಬೇಕಿದ್ದರೆ ಪ್ರಿಫೆಚ್ ಆಬ್ಜೆಕ್ಟ್ ಒಳಗೇ ಹಾಕಿ.

ಅಭಿವೃದ್ಧಿಯ ಯಂತ್ರದಲ್ಲಿ ಪ್ರಿವೆಂಟ್ ಲೇಜಿ ಲೋಡಿಂಗ್ ಆನ್ ಮಾಡಿಡಿ, ವಿತ್ ಮರೆತ ಕಡೆಯೆಲ್ಲ ಪುಟ ಎರರ್ ಕೊಟ್ಟು ನಿಲ್ಲುತ್ತದೆ. ಲೈವ್ ಸರ್ವರಿನಲ್ಲಿ ಬೇಡ.

ವಿತ್ ಹಾಕಿದ ಮೇಲೆ ಕ್ವೆರಿ ಇಳಿಯಿತು, ಆದರೆ ಎಲ್ಲ ಬಿಲ್ಲಿನ ಐಟಂ ಪಟ್ಟಿಯೂ ಖಾಲಿ ಅನ್ನುವುದೂ ಉಂಟು. ಕಾಲಂ ಉಳಿಸಲು ಐಟಂನಿಂದ ಐಡಿ, ಹೆಸರು ಮಾತ್ರ ಕೇಳಿ ಬಿಲ್_ಐಡಿ ಬಿಟ್ಟಿರುತ್ತೀರಿ. ತಂದ ಐಟಂ ಯಾವ ಬಿಲ್ಲಿಗೆ ಸೇರಿದ್ದು ಎಂದು ಹೊಂದಿಸುವುದು ಆ ಕಾಲಂನಿಂದಲೇ. ಅದಿಲ್ಲದೆ ಒಂದೂ ಹೊಂದುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಬಿಲ್ಲಿನ ಸೆಲೆಕ್ಟ್‌ನಲ್ಲಿ ಗ್ರಾಹಕ_ಐಡಿ ಬಿಟ್ಟರೆ ಗ್ರಾಹಕನಿಗೂ ಇದೇ ಗತಿ.

ಪುಟಗಳಾಗಿ ಒಡೆದಾಗ

ಪುಟಕ್ಕೆ 20 ಬಿಲ್ ಅಂತ ಬರೆದಿದ್ದರೂ 6, 8 ಬಿಲ್ ಮಾತ್ರ ಕಾಣುತ್ತಿದ್ದು, ಕೊನೆಯ ಬಿಲ್ಲಿನ ಐಟಂಗಳು ಅರ್ಧಕ್ಕೆ ನಿಂತಿದ್ದರೆ, ಲಿಮಿಟ್ 20 ಬಿದ್ದಿರುವುದು ಜಾಯಿನ್ ಆದ ಸಾಲುಗಳ ಮೇಲೆ, ಬಿಲ್‌ಗಳ ಮೇಲಲ್ಲ. ಮೊದಲು 20 ಬಿಲ್ಲಿನ ಐಡಿ ಮಾತ್ರ ಲಿಮಿಟ್ ಹಾಕಿ ತನ್ನಿ, ಆ ಐಡಿಗಳಿಗೆ ಐಟಂ ಎರಡನೆಯ ಕ್ವೆರಿಯಲ್ಲಿ ತನ್ನಿ. ಒಂದೇ ಬಿಲ್ ಎರಡು ಪುಟದಲ್ಲಿ ಕಾಣಿಸಿ ಇನ್ನೊಂದು ಎಲ್ಲೂ ಕಾಣಿಸದಿದ್ದರೆ ಆರ್ಡರ್ ಬೈ ನೋಡಿ. ಬರೀ ದಿನಾಂಕದ ಮೇಲೆ ವಿಂಗಡಿಸಿದ್ದರೆ ಒಂದೇ ದಿನದ 40 ಬಿಲ್‌ಗಳನ್ನು ಡೇಟಾಬೇಸ್ ಪ್ರತಿ ಸಲ ತನಗೆ ತೋಚಿದ ಕ್ರಮದಲ್ಲಿ ಕೊಡಬಹುದು. ದಿನಾಂಕದ ನಂತರ ಐಡಿ ಸೇರಿಸಿ.

ಹೆಸರಿನ ಮೇಲೆ ಜಾಯಿನ್: ಕನ್ನಡ ಡೇಟಾದ ಪ್ರತ್ಯೇಕ ಪೀಡೆ

ಎಕ್ಸೆಲ್ ಹಾಳೆಯಿಂದ ಬಂದ ಡೇಟಾದಲ್ಲಿ ಐಡಿ ಇರುವುದಿಲ್ಲ, ಹೆಸರು ಇರುತ್ತದೆ. ಪಾವತಿಯ ಹಾಳೆಯಲ್ಲಿರುವ ಅಂಗಡಿ ಹೆಸರನ್ನು ಗ್ರಾಹಕ ಟೇಬಲಿನ ಹೆಸರಿಗೆ ಜಾಯಿನ್ ಮಾಡುತ್ತಾರೆ. ಎರಡೂ ಕಡೆ "ಟ್ರೇಡರ್ಸ್" ಅಂತಲೇ ಕಾಣುತ್ತದೆ, ಆದರೆ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಯಾವುದು ಎಂಬುದರ ಮೇಲೆ ಸಾಲು ಹೊಂದದೆ ಹೋಗಬಹುದು.

ಕಣ್ಣನ್ನು ನಂಬಬೇಡಿ, ಬೈಟ್ ಎಣಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಲೆಂಗ್ತ್ ಬೈಟ್ ಎಣಿಸುತ್ತದೆ, ಕ್ಯಾರ್ ಲೆಂಗ್ತ್ ಅಕ್ಷರ ಸಂಕೇತಗಳನ್ನು ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. "ಟ್ರೇಡರ್ಸ್" ಪದದಲ್ಲಿ 9 ಸಂಕೇತ, ಅಂದರೆ 27 ಬೈಟ್. ಒಂದು ಕಡೆ 27, ಇನ್ನೊಂದು ಕಡೆ 30 ಬಂದರೆ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ (ಅಕ್ಷರಗಳು ಕೂಡದಂತೆ ತಡೆಯುವ ಸಂಕೇತ) ಒಂದು ಅಂಟಿಕೊಂಡಿದೆ. ಹೆಕ್ಸ್ ಮಾಡಿ ನೋಡಿದರೆ ತುದಿಯಲ್ಲಿ ಇ2 80 8ಸಿ ಕಾಣುತ್ತದೆ. ಪದದ ಕೊನೆಯಲ್ಲಿ ಒತ್ತು ಬೀಳದಿರಲೆಂದು ಕೆಲವು ಕೀಬೋರ್ಡ್‌ಗಳು, ಕೆಲವು ಪರಿವರ್ತಕಗಳು ಇದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ.

ಎರಡನೆಯ ಬಗೆ ದೀರ್ಘ ಸ್ವರದ್ದು. "ಕೋಲಾರ"ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಚಿಹ್ನೆ, ದೀರ್ಘ ಎಂದು ಮೂರು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲನೆಯದು 15 ಬೈಟ್, ಎರಡನೆಯದು 21. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಶನ್‌ನಲ್ಲಿರುವ ನಾರ್ಮಲೈಜರ್ ಇವನ್ನು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತರುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಎಂಬ ಫಂಕ್ಷನ್ ಡೇಟಾಬೇಸಿನಲ್ಲೇ ಇದೆ. ಆದರೆ ಎನ್‌ಎಫ್‌ಸಿ ಮಾಡಿದರೆ ಝಡ್‌ಡಬ್ಲ್ಯೂಎನ್‌ಜೆ ಹೋಗುವುದಿಲ್ಲ. ಅದನ್ನು ರಿಪ್ಲೇಸ್ ಹಾಕಿ ಬೇರೆಯೇ ತೆಗೆಯಬೇಕು, ಅದೂ ಹೋಲಿಕೆಗೆಂದು ಇಟ್ಟ ಪ್ರತ್ಯೇಕ ಕಾಲಂನಲ್ಲಿ ಮಾತ್ರ. ತೋರಿಸುವ ಹೆಸರಿನಿಂದ ತೆಗೆದರೆ "ಹೋಲ್‌ಸೇಲ್" ಹೋಗಿ "ಹೋಲ್ಸೇಲ್" ಆಗುತ್ತದೆ.

ಮೂರನೆಯದು ಕೊನೆಯ ಸ್ಪೇಸ್. ಯುಟಿಎಫ್8ಎಂಬಿ4 ಜನರಲ್ ಸಿಐ ಕೊಲೇಶನ್ ಹೋಲಿಸುವಾಗ ಕೊನೆಯ ಸ್ಪೇಸನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮೈಎಸ್‌ಕ್ಯೂಎಲ್ 8ರ ಮೂಲ ಕೊಲೇಶನ್ ಆದ 0900 ಎಐ ಸಿಐ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ನಡೆದ ಜಾಯಿನ್ ಸರ್ವರ್ ಬದಲಾದ ಮರುದಿನ ಕೈಕೊಡುವುದಕ್ಕೆ ಇದೊಂದು ಕಾರಣ. ಹಳೆಯ ಟೇಬಲ್ ಹಳೆಯ ಕೊಲೇಶನ್‌ನಲ್ಲಿ, ಹೊಸದು ಹೊಸದರಲ್ಲಿ ಉಳಿದರೆ ಜಾಯಿನ್ ಓಡುವುದೇ ಇಲ್ಲ, ಕೊಲೇಶನ್ ಬೆರಕೆಯಾಗಿದೆ ಎಂದು ಎರರ್ 1267 ಬರುತ್ತದೆ. ಕ್ವೆರಿಗೆ ಕೊಲೇಟ್ ಅಂಟಿಸಿ ದಾಟಿಸಬಹುದು, ಆದರೆ ಆ ಬದಿಯ ಇಂಡೆಕ್ಸ್ ಕೆಲಸಕ್ಕೆ ಬಾರದೆ ಹೋಗಬಹುದು. ಟೇಬಲನ್ನೇ ಆಲ್ಟರ್ ಮಾಡಿ ಒಂದೇ ಕೊಲೇಶನ್‌ಗೆ ತನ್ನಿ.

ಇಷ್ಟೆಲ್ಲ ಸರಿಪಡಿಸಿದರೂ ಹೆಸರಿನ ಮೇಲಿನ ಜಾಯಿನ್ ನಾಳೆ ಮತ್ತೆ ಮುರಿಯುತ್ತದೆ. ಹಾಳೆ ಒಳಗೆ ಬರುವಾಗ ಒಮ್ಮೆ ಹೆಸರು ಹೊಂದಿಸಿ ಗ್ರಾಹಕ_ಐಡಿ ಬರೆದಿಡಿ, ಹೊಂದದ ಸಾಲುಗಳನ್ನು ಬೇರೆ ಪಟ್ಟಿಯಲ್ಲಿ ತೋರಿಸಿ ಕೈಯಾರೆ ಆರಿಸಲು ಬಿಡಿ. ಆಮೇಲೆ ಎಲ್ಲ ಜಾಯಿನ್ ಐಡಿಯ ಮೇಲೆ. ಐಡಿಯಲ್ಲೂ ಎರಡೂ ಕಡೆ ಒಂದೇ ಟೈಪ್ ಇರಲಿ: ಒಂದು ಕಡೆ ಇಂಟ್, ಇನ್ನೊಂದು ಕಡೆ ವಾರ್‌ಕ್ಯಾರ್ ಇದ್ದರೆ ಮೈಎಸ್‌ಕ್ಯೂಎಲ್ ಎರಡನ್ನೂ ದಶಮಾಂಶ ಸಂಖ್ಯೆ ಮಾಡಿ ಹೋಲಿಸುತ್ತದೆ. ವಾರ್‌ಕ್ಯಾರ್ ಬದಿಯ ಇಂಡೆಕ್ಸ್ ಕೈಬಿಡುತ್ತದೆ, "12ಎ" ಎಂಬ ಗ್ರಾಹಕ 12ರ ಜೊತೆ ಹೊಂದಿಕೊಂಡುಬಿಡುತ್ತಾನೆ.

ಒಂದೇ ಕೋಶದಲ್ಲಿ ಐಟಂ ಹೆಸರುಗಳ ಸರ

ಪಟ್ಟಿಯ ಪುಟದಲ್ಲಿ ಐಟಂಗಳ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಕೋಶದಲ್ಲಿ ತೋರಿಸಲು ಗ್ರೂಪ್ ಕಾನ್‌ಕ್ಯಾಟ್ ಬಳಸುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಅದರ ಮೂಲ ಮಿತಿ 1,024 ಬೈಟ್. ಇಂಗ್ಲಿಷಿನಲ್ಲಿ ಇದು ಸಾವಿರ ಅಕ್ಷರ, ಕನ್ನಡದಲ್ಲಿ ಸುಮಾರು 341 ಸಂಕೇತ. "ಕೊತ್ತಂಬರಿ" 9 ಸಂಕೇತ, 27 ಬೈಟ್, ಅಲ್ಪವಿರಾಮ ಸೇರಿ 28. ಇಂಥ 36 ಹೆಸರಿಗೆ ಜಾಗ ಮುಗಿಯಿತು. ಉಳಿದದ್ದು ಕತ್ತರಿಸಿ ಹೋಗುತ್ತದೆ. ಸೆಲೆಕ್ಟ್‌ನಲ್ಲಿ ಬರುವುದು ಎಚ್ಚರಿಕೆ ಮಾತ್ರ, ಅದನ್ನು ಓದುವ ಆ್ಯಪ್ ಅಪರೂಪ. ದೊಡ್ಡ ಬಿಲ್‌ಗಳಲ್ಲಿ ಮಾತ್ರ ಕೊನೆಯ ಐಟಂಗಳು ಇಲ್ಲ ಅನ್ನುವ ದೂರು ಬಂದರೆ ಮೊದಲು ಇದನ್ನು ನೋಡಿ. ಸೆಶನ್ ಶುರುವಿನಲ್ಲಿ ಗ್ರೂಪ್ ಕಾನ್‌ಕ್ಯಾಟ್ ಮ್ಯಾಕ್ಸ್ ಲೆನ್ ಹೆಚ್ಚಿಸಿ, ಇಲ್ಲವೇ ಹೆಸರುಗಳನ್ನು ಸಾಲಾಗಿಯೇ ತಂದು ಪಿಎಚ್‌ಪಿಯಲ್ಲಿ ಜೋಡಿಸಿ. ಎರಡನೆಯದೇ ಮೇಲು.

ಟೇಬಲಿನಲ್ಲಿದೆ, ಪುಟದಲ್ಲಿ ಇನ್ನೂ ಹಳೆಯದು

ಐಟಂ ಸೇರಿಸಿ ಸೇವ್ ಒತ್ತಿದ ಕೂಡಲೇ ಬರುವ ಪುಟದಲ್ಲಿ ಅದು ಇಲ್ಲ, ರಿಫ್ರೆಶ್ ಮಾಡಿದರೆ ಇದೆ. ಬರೆಯುವುದು ಮುಖ್ಯ ಸರ್ವರಿಗೆ, ಓದುವುದು ರೆಪ್ಲಿಕಾದಿಂದ (ಅದರ ನಕಲು ಸರ್ವರಿನಿಂದ) ಆಗಿದ್ದರೆ ನಡುವಿನ ತಡವೇ ಕಾರಣ. ಲಾರಾವೆಲ್‌ನ ಡೇಟಾಬೇಸ್ ಕಾನ್ಫಿಗ್‌ನಲ್ಲಿ ಸ್ಟಿಕಿ ಆನ್ ಮಾಡಿದರೆ ಅದೇ ರಿಕ್ವೆಸ್ಟ್‌ನಲ್ಲಿ ಬರೆದ ಮೇಲಿನ ಓದು ಮುಖ್ಯ ಸರ್ವರಿಗೆ ಹೋಗುತ್ತದೆ. ಸೇವ್ ಆದ ಮೇಲೆ ರೀಡೈರೆಕ್ಟ್ ಆದರೆ ಅದು ಹೊಸ ರಿಕ್ವೆಸ್ಟ್, ಸ್ಟಿಕಿ ಅಲ್ಲಿಗೆ ತಲುಪುವುದಿಲ್ಲ. ಬಿಲ್ಲಿನ ಆ ಪುಟವನ್ನು ಬರೆಯುವ ಕನೆಕ್ಷನ್‌ನಿಂದಲೇ ಓದಿಸಿ. ಎಷ್ಟು ಸಲ ರಿಫ್ರೆಶ್ ಮಾಡಿದರೂ ಬರದೆ, ನಿಮ್ಮ ಡೇಟಾಬೇಸ್ ಕ್ಲೈಂಟಿನಲ್ಲಿ ಮಾತ್ರ ಕಾಣುತ್ತಿದ್ದರೆ, ನೀವೇ ಅಲ್ಲಿ ಸಾಲು ಹಾಕಿ ಕಮಿಟ್ (ಬದಲಾವಣೆ ಪಕ್ಕಾ) ಮಾಡಿಲ್ಲವೇ ನೋಡಿ. ಹಿಮ್ಮುಖವಾಗಿಯೂ ಆಗುತ್ತದೆ: ಆ್ಯಪ್ ಸರಿಯಾಗಿದ್ದು ಕ್ಲೈಂಟ್ ಹಳೆಯದನ್ನೇ ತೋರಿಸುತ್ತಿದ್ದರೆ, ಆಟೋಕಮಿಟ್ ಆಫ್ ಇರುವ ಕ್ಲೈಂಟ್ ರಿಪೀಟಬಲ್ ರೀಡ್‌ನಲ್ಲಿ ತನ್ನ ಮೊದಲ ಓದಿನ ಚಿತ್ರವನ್ನೇ ಹಿಡಿದು ಕೂತಿರುತ್ತದೆ. ಕಮಿಟ್ ಅಥವಾ ರೋಲ್‌ಬ್ಯಾಕ್ ಮಾಡಿ ಮತ್ತೆ ಎಣಿಸಿ.